ಹತ್ತು ಆಗುಂಬೆಗಳ ಮೇಲೆ

ನಮ್ಮ ಸಾಹುಕಾರರು ವಿಮಾನ ಕೊಳ್ಳಲು ತೀರ್ಮಾನಿಸಿದ್ದು ಆಯುಧಪೂಜೆಯ ಮರುದಿನ, ಬೆಳಗಿನ ಕಾಫಿಗೂ ತಿಂಡಿಗೂ ನಡುವೆ. ಅಷ್ಟು ಹೊತ್ತು ಸಾಕಾಗಿತ್ತು. ಸಾಗರದ ಬಸ್ ನಿಲ್ದಾಣದ ಹಿಂದಿರುವ ನಮ್ಮ ಕಚೇರಿಗೆ ಒಂದು ಟೇಬಲ್ ಫ್ಯಾನ್ ಕೊಳ್ಳಲು ಅವರು ಮೂರು ಬೇಸಿಗೆ ಯೋಚಿಸಿದ್ದರು.

ಸಾಹುಕಾರರೆಂದರೆ ಮಂಜುನಾಥಪ್ಪ. ವಯಸ್ಸು ಐವತ್ತೆಂಟು. ಸಾಗರ, ಹೊಸನಗರ, ತೀರ್ಥಹಳ್ಳಿ ನಡುವೆ, ಘಾಟಿಯ ಕೆಳಗಿನವರೆಗೂ ಓಡಾಡುವ ಹದಿನೆಂಟು ಬಸ್ಸುಗಳ ಒಡೆಯರು. ನಾನು ಅವರ ಮ್ಯಾನೇಜರ್ ಶ್ರೀಕರ ಭಟ್ಟ. ಅಡಿಕೆ ಮರ ಹತ್ತುವುದಿರಲಿ, ಹತ್ತಿದವರನ್ನು ಕೆಳಗಿನಿಂದ ನೋಡಿದರೂ ತಲೆ ಸುತ್ತುವ ಆಸಾಮಿ. ಇಂಥವನನ್ನೇ ಅವರು ವಿಮಾನದ ಕೆಲಸಕ್ಕೂ ಆರಿಸಿಕೊಂಡರು.

"ಹದಿನೆಂಟು ಬಸ್ಸಿಗೆ ಹೂವಿನ ಹಾರ ಹಾಕ್ಸಿ ಸಾಕಾಗ್ಯದೆ ಭಟ್ರೇ," ಎಂದರು ಅವತ್ತು. "ಮುಂದಿನ್ ವರ್ಷ ಪೂಜೆಗೆ ರೆಕ್ಕೆ ಇರೋದು ಒಂದು ಬೇಕು."

ಬಸ್ಸಿನ ವಿಷಯದಲ್ಲಿ ಮಂಜುನಾಥಪ್ಪನವರಷ್ಟು ಕಟ್ಟುನಿಟ್ಟಿನ ಮನುಷ್ಯ ಇಡೀ ಜಿಲ್ಲೆಯಲ್ಲಿಲ್ಲ. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಬ್ರೇಕನ್ನು ತಾವೇ ತುಳಿದು ನೋಡದೆ ಒಂದು ದಿನವೂ ಕಳಿಸಿದವರಲ್ಲ. ಹದಿನೈದು ವರ್ಷ ದಾಟಿದ ಬಸ್ಸನ್ನು ಧರ್ಮಕ್ಕೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. ನೆಲದ ಮೇಲೆ ಇಷ್ಟು ವಿವೇಕ ಖರ್ಚು ಮಾಡಿದವರಿಗೆ ಆಕಾಶಕ್ಕೆಂದು ಏನೂ ಉಳಿದಿರಲಿಲ್ಲವೆಂದು ಕಾಣುತ್ತದೆ.

ಬೆಂಗಳೂರಿನ ಕಿರಣ್ ಎಂಬ ದಲ್ಲಾಳಿ ಹಿಂದೆ ನಮಗೆ ಹಳೆಯ ಬಸ್ಸು ಮಾರಲು ನೋಡಿ ಬೈಸಿಕೊಂಡು ಹೋದವನು. ಈಗ ಅವನಿಗೆ ಆಕಾಶಕ್ಕೆ ಬಡ್ತಿಯಾಗಿತ್ತು. ಮೊಬೈಲಿನಲ್ಲಿ ಫೋಟೋ ತೋರಿಸಿದ. ಬಿಳಿ ಬಣ್ಣ, ನೀಲಿ ಪಟ್ಟಿ, ಎರಡು ರೆಕ್ಕೆಗೂ ಒಂದೊಂದು ಎಂಜಿನ್, ಆರು ಸೀಟು.

"ಪ್ರೆಷರ್ ಕ್ಯಾಬಿನ್ ಸರ್. ಒಳಗೆ ಗಾಳಿ ಒತ್ತಿ ತುಂಬ್ತಾ ಇರುತ್ತೆ. ಇಪ್ಪತ್ತು ಸಾವಿರ ಅಡಿ ಮೇಲೂ ಮನೆ ಜಗಲೀಲಿ ಕೂತಂಗೆ. ಇನ್ನು ಸೇಫ್ಟಿ ಕೇಳ್ತೀರಾ? ಎರಡು ಎಂಜಿನ್! ಒಂದು ಕೆಟ್ರೆ ಇನ್ನೊಂದಿದೆ."

"ಯಾವ ಮಾಡೆಲ್ಲು?"

"ಎಪ್ಪತ್ತೊಂಬತ್ತು ಸರ್. ಆಗಿನ ಮಾಲು ಗಟ್ಟಿ."

ಹದಿನಾರು ವರ್ಷದ ಬಸ್ಸನ್ನು ಗುಜರಿ ಎನ್ನುವವರು ನಲವತ್ತಾರು ವರ್ಷದ ವಿಮಾನಕ್ಕೆ ತಲೆದೂಗಿದರು. ನಾನು ಗಂಟಲು ಸರಿಮಾಡಿಕೊಂಡು, ಕೊಳ್ಳುವ ಮುಂಚೆ ಯಾರಾದರೂ ತಿಳಿದವರಿಗೆ ತೋರಿಸಬಹುದಲ್ಲ ಎಂದೆ. ಮ್ಯಾನೇಜರಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಕೊಟ್ಟ ಅತ್ಯಂತ ಧೈರ್ಯದ ಸಲಹೆ ಅದು.

ತಿಳಿದವರು ಹತ್ತಿರದಲ್ಲೇ ಇದ್ದರು. ಹೊಸನಗರದ ಜಲಜಮ್ಮನ ಮಗಳು ಪ್ರತಿಮಾ ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಎಂಜಿನಿಯರ್. ಸಣ್ಣ ವಿಮಾನಗಳ ಹೊಟ್ಟೆಯೊಳಗೇ ಹನ್ನೆರಡು ವರ್ಷ ಕಳೆದವಳು. "ನಮ್ ಬಸ್ಸಲ್ಲೇ ಪಾಸ್ ಮಾಡ್ಸಿ ಓದಿದ ಹುಡುಗಿ, ಇಲ್ಲ ಅಂತಾಳಾ?" ಎಂದರು ಸಾಹುಕಾರರು. ಅವಳು ಇಲ್ಲವೆನ್ನಲಿಲ್ಲ. ಆದರೆ ಒಂದು ಗಂಟೆಯ ಕೆಲಸವೆಂದು ಕಿರಣ್ ಹೇಳಿದ್ದಕ್ಕೆ ಅವಳು ನಾಲ್ಕು ದಿನ ತೆಗೆದುಕೊಂಡಳು.

ನಾಲ್ಕನೆಯ ದಿನ ನಾವು ಬೆಂಗಳೂರಿನ ಹೊರಗೆ ವಿಮಾನ ನಿಲ್ಲಿಸಿದ್ದ ಹ್ಯಾಂಗರಿಗೆ ಹೋದೆವು. ಸಾಹುಕಾರರು ವಿಮಾನವನ್ನು ಒಂದು ಸುತ್ತು ಬಂದು ಟೈರಿಗೆ ಒದ್ದು, "ಗಾಳಿ ಸರಿ ಇದೆ," ಎಂದರು. ಅವರ ಕಡೆಯ ತಪಾಸಣೆ ಮುಗಿಯಿತು. ಪ್ರತಿಮಾ ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದಳು. ನಾಲ್ಕು ಪುಟದ ಪಟ್ಟಿ, ನಲವತ್ತೊಂದು ದೋಷ.

"ಮಂಜಣ್ಣ, ಇದು ಬೇಡ," ಎಂದಳು.

"ಅಲ್ಲ ಮಾರಾಯ್ತಿ, ಕೂತು ಮಾತಾಡು. ಏನಾಗ್ಯದೆ ಇದಕ್ಕೆ?"

"ಎಂಜಿನ್ನಿನ ಹೊಗೆ ಪೈಪು ಎರಡು ಕಡೆ ಬಿರುಕು ಬಿಟ್ಟಿದೆ. ಬೆಂಕಿ ಹಂಗೆ ಕಾದ ಹೊಗೆ ಅದು, ಅದರ ಪಕ್ಕದಲ್ಲೇ ಪೆಟ್ರೋಲ್ ಪೈಪು ಹೋಗ್ಯದೆ. ರೆಕ್ಕೆ ಒಳಗಿನ ತೊಲೆ ಪರೀಕ್ಷೆ ಮಾಡ್ಸಿದ ದಾಖಲೆ ಇಲ್ಲ. ಹಾರಾಟ, ರಿಪೇರಿ ಎಲ್ಲ ಬರೆದಿಡೋ ಲಾಗ್ ಪುಸ್ತಕ ಒಂದು ಕಳೆದೇ ಹೋಗ್ಯದೆ."

"ಕಳೆದಿಲ್ಲ ಮೇಡಂ, ಸಿಗ್ತಿಲ್ಲ ಅಷ್ಟೆ," ಎಂದ ಕಿರಣ್.

"ಎರಡು ಎಂಜಿನ್ ಇದೆಯಲ್ಲ?" ಸಾಹುಕಾರರು ಕಿರಣನ ಪಾಠ ಒಪ್ಪಿಸಿದರು. "ಒಂದು ಕೆಟ್ರೆ ಇನ್ನೊಂದಿಲ್ವಾ?"

ಪ್ರತಿಮಾ ನಕ್ಕಳು. "ಜೋಡೆತ್ತಿನ ಗಾಡೀಲಿ ಓಡ್ತಾ ಓಡ್ತಾ ಒಂದು ಎತ್ತು ಬಿದ್ರೆ ಇನ್ನೊಂದು ಗಾಡಿ ಎಳೀತದಾ ಅಣ್ಣ? ಗಾಡೀನೇ ಅಡ್ಡ ತಿರುಗಿಸ್ತದೆ. ಇದೂ ಹಂಗೇ. ಮೇಲೆ ಏಳೋ ಹೊತ್ತಲ್ಲಿ ಒಂದು ನಿಂತ್ರೆ, ನಾಲ್ಕೈದು ಸೆಕೆಂಡಲ್ಲಿ ಪೈಲಟ್ಟು ಸರಿಯಾಗಿ ಕೈಕಾಲು ಆಡಿಸ್ಬೇಕು. ಅದಕ್ಕೆ ಈ ಜಾತಿ ವಿಮಾನದಲ್ಲೇ ವರ್ಷ ವರ್ಷ ತರಬೇತಿ ಆಗ್ಬೇಕು. ಒಂದೇ ಎಂಜಿನ್ ಇದ್ದಿದ್ರೆ ಗದ್ದೆ ಹುಡುಕಿ ಇಳೀಬಹುದಿತ್ತು."

ಕೊನೆಯ ಪುಟದಲ್ಲಿ ಬಾಗಿಲ ಅಂಚಿನ ರಬ್ಬರಿನ ವಿಷಯವಿತ್ತು. ಒಣಗಿ ಸೀಳಿದ ರಬ್ಬರಿಗೆ ಯಾರೋ ಗೋಂದು ಮೆತ್ತಿದ್ದರು. ಒಳಗಿನ ಗಾಳಿಯನ್ನು ಹಿಡಿದು ಬಿಡುವ ಕವಾಟ ಅಂಟಿಕೊಳ್ಳುತ್ತಿತ್ತು. ಗಾಳಿ ಸೋರಿದರೆ ಹೊತ್ತಿಕೊಳ್ಳಬೇಕಾದ ಎಚ್ಚರಿಕೆ ದೀಪಕ್ಕೆ ಬಲ್ಬೇ ಇರಲಿಲ್ಲ.

"ಗಾಳಿ ಸೋರಿದ್ರೆ ಏನಾಗ್ತದೆ?" ಸಾಹುಕಾರರಿಗೆ ನಗು ಬಂತು. "ನಮ್ಮ ಹೊಸನಗರದ ಬಸ್ಸಿಗೆ ಹಿಂದಿನ ಗಾಜೇ ಇಲ್ಲ. ಜನ ಆರಾಮ ಕೂತ್ಕಂಡು ಬರ್ತಾರೆ."

ಅವರು ವಿಮಾನ ಕೊಂಡರು. ಬೆಂಕಿ ಎಂಬ ಪದ ಬಂದ ಕಡೆಯೆಲ್ಲ ರಿಪೇರಿ ಮಾಡಿಸಿದರು. ಅಷ್ಟರ ಮಟ್ಟಿಗೆ ಹೆದರಿಕೆ ಕೆಲಸ ಮಾಡಿತ್ತು. ಪುಟ ನಾಲ್ಕರಲ್ಲಿ ಒಂದನ್ನು ಮಾತ್ರ, ಆಮ್ಲಜನಕದ ಸಿಲಿಂಡರ್ ತುಂಬಿಸುವುದನ್ನು, ಪ್ರತಿಮಾ ಹಟ ಹಿಡಿದು ಮಾಡಿಸಿದಳು. ಉಳಿದದ್ದಕ್ಕೆ ಕಿರಣ್ ಇನ್ನೊಬ್ಬ ಎಂಜಿನಿಯರನ್ನು ಹುಡುಕಿದ. ಪ್ರತಿಮಾಳಿಗೆ ನಾಲ್ಕು ದಿನ ಬೇಕಾದದ್ದನ್ನು ಆ ಮಹಾನುಭಾವ ಒಂದು ಟೀ ಕುಡಿಯುವಷ್ಟರಲ್ಲಿ ನೋಡಿ, ಎಲ್ಲ ಸರಿಯಿದೆಯೆಂದು ಸಹಿ ಹಾಕಿದ. ಟೀ ತಣ್ಣಗಾಗಿರಲಿಲ್ಲ.

ಪೈಲಟ್ಟಾಗಿ ಬಂದವರು ನಿವೃತ್ತ ಕ್ಯಾಪ್ಟನ್ ರವೀಂದ್ರ. ದೊಡ್ಡ ಜೆಟ್ ವಿಮಾನಗಳಲ್ಲಿ ಹತ್ತು ಸಾವಿರ ಗಂಟೆ ಹಾರಿದವರು. ಆ ಹತ್ತು ಸಾವಿರವನ್ನು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹೇಳುವವರು. ಈ ವಿಮಾನದ ತರಬೇತಿಗೆ ಎರಡು ವಾರ ಹೋಗಿ ಬನ್ನಿ ಎಂದು ಪ್ರತಿಮಾ ಹೇಳಿದಾಗ, "ಆನೆ ಪಳಗಿಸಿದವನಿಗೆ ಮೇಕೆ ಮೇಯಿಸೋದು ಹೇಳಿಕೊಡ್ತೀಯೇನಮ್ಮ?" ಎಂದರು. ಮೂರು ಸುತ್ತು ಹಾರಿಸಿ ನೋಡಿ, ಆಟಿಕೆಯಂತಿದೆ ಎಂದು ಪ್ರಮಾಣಪತ್ರ ಕೊಟ್ಟರು. ಆ ಮೂರು ಸುತ್ತೂ ಐದು ಸಾವಿರ ಅಡಿಯ ಕೆಳಗೆ. ಅಲ್ಲಿ ಬಾಗಿಲು ತೆರೆದಿಟ್ಟರೂ ಉಸಿರಿಗೆ ತೊಂದರೆಯಿಲ್ಲ.

ಗಣೇಶನ ಹಬ್ಬದ ಹಿಂದಿನ ವಾರ ವಿಮಾನವನ್ನು ಶಿವಮೊಗ್ಗಕ್ಕೆ ತರುವುದೆಂದಾಯಿತು. ನೇರವಾಗಿ ಅಲ್ಲ. ಮೊದಲು ಸಿಗಂದೂರು ಅಮ್ಮನವರಿಗೆ ಮೇಲಿನಿಂದಲೇ ಒಂದು ನಮಸ್ಕಾರ, ಆಮೇಲೆ ಹೊಸನಗರ, ತೀರ್ಥಹಳ್ಳಿ ಬಸ್ ನಿಲ್ದಾಣಗಳ ಮೇಲೆ ಒಂದೊಂದು ಸುತ್ತು, ಕೊನೆಗೆ ಇಳಿಯುವುದು. ಮಂಜುನಾಥಪ್ಪ, ಕ್ಯಾಪ್ಟನ್, ನಾನು, ಕಿರಣ್ ಹೊರಡುವುದೆಂದಿತ್ತು. ಕಿರಣನಿಗೆ ಬೆಳಗ್ಗೆ ಎದ್ದ ಕೂಡಲೇ ಬಹಳ ಜರೂರಿನ ಒಂದು ಮೀಟಿಂಗ್ ಬಂತು.

ನಾನು ಹಿಂದಿನ ದಿನ ಮನೆಗೆ ಫೋನು ಮಾಡಿದ್ದೆ. ನನ್ನ ಹೆಂಡತಿ ನವ್ಯಾ ಬಹಳ ಧೈರ್ಯ ತುಂಬಿದಳು. "ಸಾಯೋದೇ ಆದ್ರೆ ಬಸ್ಸಲ್ಲೇ ಸಾಯ್ಲಕ್ಕು. ಅಷ್ಟು ಮೇಲೆ ಎಂತಕ್ಕೆ ಹೋಗವು?"

ಪ್ರತಿಮಾ ಹ್ಯಾಂಗರಿನ ಬಾಗಿಲಲ್ಲಿ ಕಾದಿದ್ದಳು. "ಶ್ರೀಕರಣ್ಣ, ನೀವು ಹೋಗದೇ ಇದ್ರೆ ಒಳ್ಳೇದು," ಎಂದಳು. ನಾನು ನೌಕರಿಯವನು ಎಂದೆ. ಅವಳು ಚೀಲದಿಂದ ಒಂದು ಸಣ್ಣ ಯಂತ್ರ ತೆಗೆದು ನನ್ನ ಬೆರಳಿಗೆ ಸಿಕ್ಕಿಸಿದಳು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಇತ್ತಲ್ಲ, ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ತೋರಿಸುವ ಕ್ಲಿಪ್ಪು, ಅದು.

"ಆಗುಂಬೆ ಎರಡು ಸಾವಿರ ಅಡಿ. ಮೋಡ ಇದೆ ಅಂತ ಕ್ಯಾಪ್ಟನ್ನು ಇಪ್ಪತ್ತೊಂದು ಸಾವಿರಕ್ಕೆ ಹೋಗ್ತಾರಂತೆ. ಒಂದರ ಮೇಲೊಂದು ಹತ್ತು ಆಗುಂಬೆ ಇಟ್ಟಷ್ಟು ಎತ್ತರ. ಒಳಗಿನ ಗಾಳಿ ಸೋರಿದ್ರೆ ನಿಮಗೆ ನೋವಾಗಲ್ಲ, ಉಸಿರು ಕಟ್ಟಲ್ಲ. ಖುಷಿಯಾಗ್ತದೆ. ಅದೇ ಅಪಾಯ. ಇದರಲ್ಲಿ ತೊಂಬತ್ತಕ್ಕಿಂತ ಕೆಳಗೆ ಬಂದ್ರೆ ಇಳಿಸಿ ಅಂತ ಕೂಗಿ. ಯಾಕೋ ತುಂಬ ಖುಷಿ ಆಗ್ತಿದೆ ಅನ್ನಿಸಿದ್ರೆ ಮೊದ್ಲು ಹೆದ್ರಿ. ಮಾಸ್ಕು ಪೈಲಟ್ ಸೀಟಿನ ಹಿಂದೆ ನೇತಾಕಿದ್ದೀನಿ."

ಸಾಹುಕಾರರು ಮುಂದೆ, ಕ್ಯಾಪ್ಟನ್ ಪಕ್ಕದಲ್ಲಿ ಕೂತರು. ಬಸ್ಸಿನಲ್ಲೂ ಅವರದು ಡ್ರೈವರ್ ಪಕ್ಕದ ಸೀಟೇ. ನಾನು ಹಿಂದೆ, ಬೆರಳಿಗೆ ಕ್ಲಿಪ್ಪು, ಮಡಿಲಲ್ಲಿ ಟ್ರಿಪ್ ಶೀಟಿನ ಪುಸ್ತಕ, ಪಕ್ಕದಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಇಟ್ಟುಕೊಂಡು ಕಣ್ಣು ಮುಚ್ಚಿದೆ. ವಿಮಾನ ಎದ್ದಿತು. ತುಮಕೂರು ದಾಟುವವರೆಗೆ ನಾನು ಉಸಿರು ಬಿಟ್ಟ ನೆನಪಿಲ್ಲ.

ಹದಿನಾಲ್ಕು ಸಾವಿರ ಅಡಿಯ ಹೊತ್ತಿಗೆ ಬಾಗಿಲ ಕಡೆಯಿಂದ ಸಣ್ಣಗೆ ಸೀಟಿ ಶುರುವಾಯಿತು. ಕುಕ್ಕರು ಕೂಗುವ ಮುಂಚೆ ಗುನುಗುತ್ತದಲ್ಲ, ಹಾಗೆ. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಹೇಳಿದೆ.

"ಎಂಜಿನ್ನು ಹಾಡ್ತಿದೆ ಭಟ್ರೇ!" ಎಂದರು ಸಾಹುಕಾರರು. ಕ್ಯಾಪ್ಟನ್ ಹೆಬ್ಬೆರಳು ಎತ್ತಿದರು.

ಮೋಡ ಎದುರಾಯಿತು. ಘಟ್ಟದ ಕಡೆಯಿಂದ ಹಿಂಡುಹಿಂಡಾಗಿ ಬಂದು ನಿಂತಿತ್ತು. "ಮೇಲೆ ಹೋಗೋಣ. ಪ್ರೆಷರ್ ಇರೋದು ಮತ್ಯಾಕೆ?" ಎಂದರು ಕ್ಯಾಪ್ಟನ್. ಇಪ್ಪತ್ತೊಂದು ಸಾವಿರ ಅಡಿಯಲ್ಲಿ ಬಿಸಿಲು ಫಳಾರನೆ ಬಿತ್ತು. ಕೆಳಗೆ ಎಲ್ಲಿ ನೋಡಿದರೂ ಬಿಳಿ. ಸಿಗಂದೂರೂ ಇಲ್ಲ, ಶರಾವತಿಯೂ ಇಲ್ಲ, ನಮ್ಮ ಬಸ್ ನಿಲ್ದಾಣವಂತೂ ಇಲ್ಲವೇ ಇಲ್ಲ. ಅದನ್ನು ನೋಡಲೆಂದೇ ಇಷ್ಟು ಮೇಲೆ ಬಂದಿದ್ದೆವು.

ಅದಾಗಿ ಕೆಲವೇ ನಿಮಿಷ. ಚಿಪ್ಸಿನ ಪೊಟ್ಟಣ ದಿಂಬಿನಂತೆ ಊದಿಕೊಂಡಿತ್ತು. ನಾನು ಅದನ್ನು ಬೆರಳಿನಿಂದ ತಟ್ಟಿದೆ. ಅದು ಟಪ್ಪೆಂದು ಒಡೆದು ಕ್ಯಾಪ್ಟನ್ ತಲೆಯ ಮೇಲೆಲ್ಲ ಚಿಪ್ಸು ಸುರಿಯಿತು. ಮೂವರೂ ನಕ್ಕೆವು. ನಿಲ್ಲಿಸಲಾಗದಷ್ಟು ನಕ್ಕೆವು. ಕ್ಯಾಪ್ಟನ್ ತಲೆಯ ಮೇಲಿನ ಚಿಪ್ಸು ತೆಗೆದು ತಿಂದರು. ಹತ್ತು ಸಾವಿರ ಗಂಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಗ ಸಾಹುಕಾರರು ಹಿಂದಕ್ಕೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಭಟ್ರೇ, ಬರ್ಕೊಳ್ಳಿ. ಹುಲಿಯಪ್ಪಂಗೆ ಆ ಏಳು ಹತ್ತರ ಟೈಮಿಂಗ್ ಬಿಟ್ಟುಕೊಡಿ."

ಹುಲಿಯಪ್ಪ ಅವರ ಸ್ವಂತ ತಮ್ಮ. ಮಾಸ್ತಿಕಟ್ಟೆ ಮಾರ್ಗದಲ್ಲಿ ಒಂದೇ ಒಂದು ಬಸ್ಸು ಓಡಿಸುತ್ತಿದ್ದ. ಬೆಳಗಿನ ಏಳು ಹತ್ತರ ಹೊತ್ತಿಗೆ ಹೊರಡುವ ಹಕ್ಕು ಯಾರದೆಂದು ಅಣ್ಣ ತಮ್ಮಂದಿರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ತಮ್ಮನ ಮಗಳ ಮದುವೆಗೂ ಇವರು ಹೋಗಿರಲಿಲ್ಲ. ಹುಲಿಯಪ್ಪನ ಹೆಸರೆತ್ತಿದ ಒಬ್ಬ ಕಂಡಕ್ಟರು ಕೆಲಸ ಕಳೆದುಕೊಂಡಿದ್ದ.

"ಸಣ್ಣವ್ನು ಇದ್ದಾಗ ಅವ್ನನ್ನ ಹೆಗಲ ಮೇಲೆ ಕೂರ್ಸಿ ಹಳ್ಳ ದಾಟಿಸ್ತಿದ್ದೆ," ಎಂದರು. "ಏಳು ಹತ್ತು ಏನ್ ದೊಡ್ಡದು? ಬರೀರಿ!"

ಟ್ರಿಪ್ ಶೀಟಿನ ಹಿಂಭಾಗದಲ್ಲಿ ಬರೆದೆ. ಅಕ್ಷರಗಳು ಸಾಲು ಬಿಟ್ಟು ಗುಡ್ಡ ಹತ್ತಿದವು. ಸಾಹುಕಾರರು ಸಹಿ ಮಾಡಿದರು. ಎಷ್ಟು ಚಂದದ ಲೋಕ ಅನ್ನಿಸಿತು ನನಗೆ. ಬೆರಳ ಕ್ಲಿಪ್ಪಿನತ್ತ ನೋಡಿದೆ: ಎಪ್ಪತ್ತೊಂದು. ನನಗೆ ಬಹಳ ಹೆಮ್ಮೆಯಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಐವತ್ತೆಂಟು ಬಂದಿತ್ತು. ಕೊನೆಗೂ ಫಸ್ಟ್ ಕ್ಲಾಸು. ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದೂ ಚೆನ್ನಾಗಿಯೇ ಕಂಡಿತು.

ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡಿದೆ. ತಲೆ ಸುತ್ತಲಿಲ್ಲ. ಹೆದರಿಕೆಯೇ ಆಗಲಿಲ್ಲ.

ನನಗೆ ಹೆದರಿಕೆಯಾಗಲಿಲ್ಲ! ಹುಟ್ಟಿದಾಗಿನಿಂದ ಒಂದು ದಿನವೂ ನನ್ನನ್ನು ಬಿಟ್ಟಿರದ ಹೆದರಿಕೆ ಎಲ್ಲಿ ಹೋಯಿತು? ಈ ಶರೀರದಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ತಿಳಿದದ್ದು ಅದರಿಂದಲೇ. ಪ್ರತಿಮಾಳ ಮಾತು ಎಲ್ಲೋ ದೂರದಿಂದ, ಬಾವಿಯೊಳಗಿಂದ ಬಂದಂತೆ ಕೇಳಿತು. ಕ್ಲಿಪ್ಪು ಅರವತ್ತೆಂಟು ತೋರಿಸುತ್ತಿತ್ತು. ಅದು ಅಂಕವಲ್ಲ.

"ಇಳಿಸಿ!" ಎಂದು ಕೂಗಿದೆ. "ಕ್ಯಾಪ್ಟನ್, ಇಳಿಸಿ!"

"ಆಲ್ ಓಕೆ," ಎಂದರು ಕ್ಯಾಪ್ಟನ್, ಚಿಪ್ಸು ಅಗಿಯುತ್ತ. ನಗುತ್ತಿದ್ದ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಸಾಹುಕಾರರ ತಲೆ ಎದೆಯ ಮೇಲೆ ವಾಲಿತ್ತು.

ಸೀಟಿನ ಹಿಂದಿನ ಮಾಸ್ಕು ಕೈಗೆ ಸಿಗಲು ಯುಗ ಹಿಡಿಯಿತು. ಕೈ ನನ್ನದಾಗಿರಲಿಲ್ಲ. ನಾನು ಹಾಕಿಕೊಳ್ಳಲೋ ಅವರಿಗೆ ಹಾಕಲೋ ಎಂದು ಯೋಚಿಸಿದ್ದು ಗೊತ್ತು. ವಿಮಾನ ಓಡಿಸಲು ಬರುವುದು ಅವರೊಬ್ಬರಿಗೇ ಎನ್ನುವಷ್ಟು ಬುದ್ಧಿ ಮಾತ್ರ ಉಳಿದಿತ್ತು. ಹಟಮಾರಿ ಮಗುವಿಗೆ ಕಷಾಯ ಕುಡಿಸುವಂತೆ ಹಿಂದಿನಿಂದ ಅವರ ತಲೆ ಹಿಡಿದು ಮಾಸ್ಕನ್ನು ಮುಖಕ್ಕೆ ಒತ್ತಿದೆ. ಅವರು ಕೊಸರಾಡಿದರು, ನನ್ನ ಮಣಿಕಟ್ಟು ಪರಚಿದರು. ನಾನು ಬಿಡಲಿಲ್ಲ. ಹತ್ತು ಉಸಿರು, ಹದಿನೈದು ಉಸಿರು. ಆಮೇಲೆ ಅವರ ಬೆನ್ನು ಸೆಟೆದು ನಿಂತಿತು. ಒಳಗಿನ ಗಾಳಿಯ ಒತ್ತಡ ತೋರಿಸುವ ಎದುರಿನ ಒಂದು ಸಣ್ಣ ಮುಳ್ಳನ್ನು ನೋಡಿ, "ಅಯ್ಯೋ ದೇವ್ರೇ," ಎಂದರು.

ವಿಮಾನದ ಮೂತಿ ಮೋಡದೊಳಕ್ಕೆ ನುಗ್ಗಿತು. ಕಿವಿ ಒಡೆದು ಹೋದಂತಾಯಿತು. ಹತ್ತು ಸಾವಿರ ಅಡಿಗೆ ಬರುವಷ್ಟರಲ್ಲಿ ನನ್ನ ಹೆದರಿಕೆ ಪೂರ್ತಿ ವಾಪಸು ಬಂದಿತ್ತು. ಅಷ್ಟು ಪ್ರೀತಿಯಿಂದ ಅದನ್ನು ನಾನು ಯಾವತ್ತೂ ಬರಮಾಡಿಕೊಂಡವನಲ್ಲ. ಸಾಹುಕಾರರು ಕಣ್ಣು ಬಿಟ್ಟು, "ತೀರ್ಥಹಳ್ಳಿ ಬಂತಾ?" ಎಂದು ಕೇಳಿದರು. ರೇಡಿಯೋದಲ್ಲಿ ಯಾರೋ ನಮ್ಮನ್ನು ಒಂದೇ ಸಮನೆ ಕರೆಯುತ್ತಿದ್ದರು. ಆರು ನಿಮಿಷದಿಂದ ಕರೆಯುತ್ತಿದ್ದರಂತೆ. ನಮ್ಮಲ್ಲಿ ಒಬ್ಬರಿಗೂ ಕೇಳಿಸಿರಲಿಲ್ಲ.

ಶಿವಮೊಗ್ಗದಲ್ಲಿ ಇಳಿದ ಮೇಲೆ ಕ್ಯಾಪ್ಟನ್ ಒಂದು ಕಂಬ ಹಿಡಿದುಕೊಂಡು ವಾಂತಿ ಮಾಡಿದರು. "ಸಣ್ಣ ಟೆಕ್ನಿಕಲ್ ತೊಂದರೆ," ಎಂದರು. ಮರುದಿನ ಅವರು ತಮ್ಮ ಹತ್ತು ಸಾವಿರ ಗಂಟೆಗಳೊಂದಿಗೆ ಊರಿಗೆ ಹೋದವರು ಮತ್ತೆ ಬರಲಿಲ್ಲ. ಕಿರಣನ ಫೋನು ಹದಿನೈದು ದಿನ ವ್ಯಾಪ್ತಿ ಪ್ರದೇಶದ ಹೊರಗಿತ್ತು.

ಸಾಗರಕ್ಕೆ ಕಾರಿನಲ್ಲಿ ಹೊರಟು ಆನಂದಪುರ ದಾಟಿದೆವು. ಆಮೇಲೆ ಸಾಹುಕಾರರು ಹೊರಗೆ ನೋಡುತ್ತಲೇ ಕೇಳಿದರು, "ಮೇಲೆ ನಾನೇನಾದ್ರೂ ಹೇಳಿದ್ನಾ?"

ಇಪ್ಪತ್ತೆರಡು ವರ್ಷದ ನೌಕರಿ ನನ್ನ ಕಣ್ಣ ಮುಂದೆ ಹಾದುಹೋಯಿತು. ಇಲ್ಲವೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಹೇಳಿದ್ರಿ ಸಾವ್ಕಾರ್ರೇ," ಎಂದು ಟ್ರಿಪ್ ಶೀಟನ್ನು ಕೊಟ್ಟೆ.

ಓದಿದರು. ಮತ್ತೊಮ್ಮೆ ಓದಿದರು. "ಇದು ಗಾಳಿ ಇಲ್ದೆ ಬರ್ಸಿದ್ದು," ಎಂದರು.

"ಹೌದು. ಹರಿದು ಹಾಕಲಾ?"

ಅವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಹಳ್ಳ ದಾಟಿಸ್ತಿದ್ದುದು ಸುಳ್ಳಲ್ಲ ಭಟ್ರೇ," ಎಂದರು. ಇಪ್ಪತ್ತೊಂದು ಸಾವಿರ ಅಡಿಯಲ್ಲಿ ಅವರ ಬುದ್ಧಿ ಕೆಟ್ಟಿತ್ತೆಂದು ವೈದ್ಯಶಾಸ್ತ್ರ ಹೇಳುತ್ತದೆ. ನೆಲದ ಮೇಲೆ ಹನ್ನೊಂದು ವರ್ಷ ಬುದ್ಧಿ ಸರಿಯಿದ್ದವರು ಮಾಡದ ಕೆಲಸವನ್ನು ಆ ಕೆಟ್ಟ ಬುದ್ಧಿ ಮಾಡಿತ್ತು. ಸೋಮವಾರ ನನ್ನನ್ನೂ ಕರೆದುಕೊಂಡು ಅವರೇ ಹೊಸನಗರಕ್ಕೆ ಹೋಗಿ ಕಾಗದವನ್ನು ತಮ್ಮನ ಕೈಗೆ ಕೊಟ್ಟು ಬಂದರು. ಹುಲಿಯಪ್ಪ ಅದನ್ನು ಬೆಳಕಿಗೆ ಹಿಡಿದು, ಅಣ್ಣನಿಗೆ ಯಾವ ಕಾಯಿಲೆಯೆಂದು ನನ್ನನ್ನು ಗುಟ್ಟಾಗಿ ಕೇಳಿದ.

ಪ್ರತಿಮಾ ಶಿವಮೊಗ್ಗಕ್ಕೆ ಬಂದು ವಿಮಾನದ ಬಾಗಿಲು ತೆಗೆದು ತೋರಿಸಿದಳು. ಗೋಂದು ಮೆತ್ತಿದ್ದ ರಬ್ಬರು ಒಂದು ಗೇಣು ಉದ್ದಕ್ಕೆ ಕಿತ್ತು ಬಂದಿತ್ತು. ಕವಾಟ ಅರ್ಧ ತೆರೆದೇ ಅಂಟಿಕೊಂಡಿತ್ತು.

"ಇದನ್ನ ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ?" ಎಂದರು ಸಾಹುಕಾರರು, ನಿಜವಾದ ನೋವಿನಿಂದ.

"ನಾಲ್ಕನೇ ಪುಟದಲ್ಲಿತ್ತು ಅಣ್ಣ."

"ನಾಲ್ಕನೇ ಪುಟದ ತನಕ ಯಾರು ಓದ್ತಾರೆ?"

ಅವಳ ಕೆನ್ನೆ ಕೆಂಪಾಯಿತು. "ನೀವು ಸತ್ತಿದ್ರೆ ಆಮೇಲೆ ಎಲ್ಲರೂ ಓದ್ತಿದ್ರು," ಎಂದಳು. ಸಾಹುಕಾರರಿಗೆ ಹಾಗೆ ಎದುರು ಮಾತಾಡಿದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವರು ತಲೆ ತಗ್ಗಿಸಿ ನಿಂತರು. ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿದರು, ಬಸ್ಸಿನ ಬ್ರೇಕನ್ನು ನೋಡುವ ಹಾಗೆ.

ಎಲ್ಲ ಸರಿಪಡಿಸಿ, ತರಬೇತಾದ ಪೈಲಟ್ಟನ್ನು ಇಟ್ಟುಕೊಂಡು, ವರ್ಷವರ್ಷವೂ ತಪಾಸಣೆ ಮಾಡಿಸಿ ಹಾರಿಸಬಹುದೆಂದು ಪ್ರತಿಮಾ ಹೇಳಿದಳು. ಅದಕ್ಕೆ ಎಷ್ಟು ಜನ, ಎಷ್ಟು ದಿನ, ಎಷ್ಟು ಶ್ರದ್ಧೆ ಬೇಕೆಂದೂ ಹೇಳಿದಳು. ಸಾಹುಕಾರರು ಈ ಸಲ ಪೂರ್ತಿ ಕೇಳಿಸಿಕೊಂಡರು. ಎರಡು ತಿಂಗಳು ಯೋಚಿಸಿದರು. ಟೇಬಲ್ ಫ್ಯಾನಿಗೆ ಹೋಲಿಸಿದರೆ ಬೇಗನೆ ಎನ್ನಬೇಕು. ಕೊನೆಗೆ ವಿಮಾನವನ್ನು ಎಂಜಿನಿಯರುಗಳನ್ನು ತಯಾರು ಮಾಡುವ ಒಂದು ತರಬೇತಿ ಶಾಲೆಗೆ, ಬಿಚ್ಚಿ ಜೋಡಿಸಿ ಕಲಿಯಲಿಕ್ಕೆ ಕೊಟ್ಟುಬಿಟ್ಟರು.

ಕೊಟ್ಟ ದಿನ ಅಲ್ಲಿಯ ವಿದ್ಯಾರ್ಥಿಗಳ ಮುಂದೆ ಅವರನ್ನು ಮಾತಾಡಲು ಕರೆದರು. ಒಬ್ಬ ಹುಡುಗಿ, "ಸರ್, ಇದು ಹಾರೋಕೆ ಆಗ್ದೇ ಇರೋ ವಿಮಾನನಾ?" ಎಂದು ಕೇಳಿದಳು.

"ವಿಮಾನಕ್ಕೆ ಏನೂ ಅನ್ಬೇಡ ತಂಗಿ," ಎಂದರು ಮಂಜುನಾಥಪ್ಪ. "ಓನರ್ರಿಗೆ ಓದಕ್ಕೆ ಬರ್ತಿರ್ಲಿಲ್ಲ."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಶಾಲು ಹೊದಿಸಿಕೊಂಡು, ಹಾರ ತೆಗೆದು ನನ್ನ ಕೈಗೆ ಕೊಟ್ಟು, ಸಂಜೆಯ ರೈಲಿಗೆ ಹೊತ್ತಾಯಿತೆಂದು ಅವಸರ ಮಾಡಿದರು.